ಸಾಲಾರ್ ಜಂಗ್ ಕೇಳಿದ್ದು ಬೇರಾರ್, ಸಿಕ್ಕಿದ್ದು ನಾವು

ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂಗೆ ಹೋದವರು ಎರಡು ವಸ್ತುಗಳನ್ನು ತಪ್ಪದೆ ನೋಡಿ ಬರ್ತಾರೆ. ಒಂದು, ಗಂಟೆಗೊಮ್ಮೆ ಪುಟ್ಟ ಗೊಂಬೆ ಹೊರಬಂದು ಬಾರಿಸುವ ಗಡಿಯಾರ. ಇನ್ನೊಂದು, ಮುಖದ ಮೇಲೆ ತೆಳು ಪರದೆ ಹೊದ್ದಂತೆ ಕಾಣುವ ಅಮೃತಶಿಲೆಯ ರೆಬೆಕಾ. ಆ ಶಿಲ್ಪವನ್ನು 1876ರಲ್ಲಿ ಇಟಲಿಯಲ್ಲಿ ಕೊಂಡವನು ಹೈದರಾಬಾದಿನ ದಿವಾನ ಮೀರ್ ತುರಾಬ್ ಅಲಿ ಖಾನ್, ಅಂದರೆ ಮೊದಲನೇ ಸಾಲಾರ್ ಜಂಗ್. ಮ್ಯೂಸಿಯಂನಲ್ಲಿರುವ ಬಹುಪಾಲು ಸಂಗ್ರಹ ಆತನ ಮೊಮ್ಮಗನದು. ಇಷ್ಟೆಲ್ಲ ಕೊಳ್ಳೋಕೆ ಆ ಮನೆತನಕ್ಕೆ ದುಡ್ಡು ಎಲ್ಲಿಂದ ಬಂತು? ದೊಡ್ಡ ಜಹಗೀರು ಇತ್ತು. ಆ ಜಹಗೀರಿನಲ್ಲಿ ಕೊಪ್ಪಳ ಇತ್ತು, ಯಲಬುರ್ಗಾ ಇತ್ತು.

ನಮ್ಮ ಕಡೆಯ ಹುಡುಗ-ಹುಡುಗಿಯರು ಸರ್ಕಾರಿ ಕೆಲಸದ ಅರ್ಜಿಗೆ 371(ಜೆ) ಪ್ರಮಾಣಪತ್ರ ಹಚ್ಚುವಾಗ ಒಂದು ಮಾತು ಕೇಳಿರ್ತಾರೆ: ನಾವು ಹಿಂದುಳಿದಿದ್ದು ನಿಜಾಮನ ಆಳ್ವಿಕೆಯಿಂದ. ಮಾತು ಸುಳ್ಳಲ್ಲ. ಆದರೆ ಅರ್ಧ. ನಿಜಾಮನ ರಾಜ್ಯದಲ್ಲಿ 30 ವರ್ಷ ನಿಜವಾಗಿ ಆಡಳಿತ ನಡೆಸಿದವನು ಈ ದಿವಾನ. ಆಧುನಿಕ ಹೈದರಾಬಾದನ್ನು ಕಟ್ಟಿದವನು ಅಂತ ಇತಿಹಾಸದ ಪುಸ್ತಕಗಳು ಆತನನ್ನು ಹೊಗಳುತ್ತವೆ. ಅಂಥ ಸುಧಾರಕನ ಸ್ವಂತ ಜಹಗೀರೇ ನಮ್ಮೂರು. ಹಾಗಿದ್ದೂ ನಾವು ಯಾಕೆ ಹಿಂಗಾದ್ವಿ? ಆತನ ಬದುಕನ್ನು ಕೊಪ್ಪಳದ ಕೋಟೆ ಮೇಲೆ ನಿಂತು ನೋಡಿದರೆ ಉತ್ತರ ಸ್ವಲ್ಪ ಬೇರೆ ಥರ ಕಾಣುತ್ತೆ.

ನಾನು ಓದಿದ್ದು ಎಂಜಿನಿಯರಿಂಗ್. ಒಂದು ಕಟ್ಟಡ ನೋಡಿದರೆ ಮೊದಲು ಭಾರ ಎಲ್ಲಿಂದ ಹೊರಟು ಯಾವ ಕಂಬದ ಮೂಲಕ ನೆಲಕ್ಕೆ ಇಳಿಯುತ್ತೆ ಅನ್ನೋದನ್ನು ಗುರುತಿಸಿ ಅಂತ ಅಲ್ಲಿ ಕಲಿಸ್ತಾರೆ. ಸಾಮ್ರಾಜ್ಯಗಳಿಗೂ ಇದೇ ವಿಧಾನ ಸರಿ ಹೋಗುತ್ತೆ.

ಹೊಳೆ ಗಡಿಯಾದ ಬಗೆ

ಭಾರ ಹೊರಟಿದ್ದು ಯುರೋಪಿನಿಂದ. 18ನೇ ಶತಮಾನದ ಕೊನೆಯಲ್ಲಿ ಬ್ರಿಟನ್ನಿಗೂ ಫ್ರಾನ್ಸಿಗೂ ಜಗಳ. ಅದರ ಒಂದು ಕೊನೆ ನಮ್ಮ ಕೋಟೆಯಲ್ಲಿತ್ತು. ಟಿಪ್ಪು ಸುಲ್ತಾನ್ ಕೊಪ್ಪಳದ ಕೋಟೆಯನ್ನು ಫ್ರೆಂಚ್ ಎಂಜಿನಿಯರುಗಳಿಂದ ಬಲಪಡಿಸಿಕೊಂಡಿದ್ದ. 1790ರಲ್ಲಿ ನಿಜಾಮನ ಪಡೆ ಮತ್ತು ಈಸ್ಟ್ ಇಂಡಿಯಾ ಕಂಪನಿಯ ಪಡೆ ಸೇರಿ ಅದಕ್ಕೆ ಮುತ್ತಿಗೆ ಹಾಕಿದವು. ತಿಂಗಳುಗಟ್ಟಲೆ ನಡೆದ ಮುತ್ತಿಗೆ 1791ರಲ್ಲಿ ಮುಗಿಯಿತು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಕೊಪ್ಪಳ ಸೀಮೆ ನಿಜಾಮನ ಪಾಲಿಗೆ ಬಂತು.

ಆಮೇಲೆ ಆಟ ಬದಲಾಯಿತು. ಹೈದರಾಬಾದಿನಲ್ಲೂ ಫ್ರೆಂಚ್ ಅಧಿಕಾರಿಗಳು ನಡೆಸುವ ಒಂದು ಪಡೆ ಇತ್ತು. 1798ರಲ್ಲಿ ಬ್ರಿಟಿಷರು ಅದನ್ನು ವಿಸರ್ಜಿಸಿ, ತಮ್ಮ ಪಡೆಯನ್ನು ನಿಜಾಮನ ಖರ್ಚಿನಲ್ಲಿ ತಂದು ಕೂರಿಸಿದರು. 1800ರಲ್ಲಿ ಆ ಖರ್ಚಿನ ಬಾಬ್ತು ನಿಜಾಮ ಬಳ್ಳಾರಿ, ಕಡಪಾ ಸೀಮೆಗಳನ್ನು ಕಂಪನಿಗೆ ಬರೆದುಕೊಟ್ಟ. ತುಂಗಭದ್ರೆ ಗಡಿಯಾಯಿತು. ಹೊಸಪೇಟೆ ಮದ್ರಾಸಿಗೆ, ಕೊಪ್ಪಳ ಹೈದರಾಬಾದಿಗೆ. ಒಂದೇ ಹೊಳೆಯ ಎರಡು ದಂಡೆ, ಎರಡು ಸರ್ಕಾರ, ಎರಡು ಆಡಳಿತ ಭಾಷೆ. ಆನೆಗೊಂದಿಯ ಈ ಕಡೆಯವರನ್ನೂ ಹಂಪಿಯ ಆ ಕಡೆಯವರನ್ನೂ ಯಾರೂ ಕೇಳಲಿಲ್ಲ.

1799ರ ಶ್ರೀರಂಗಪಟ್ಟಣದ ಯುದ್ಧದಲ್ಲಿ ನಿಜಾಮನ ಪಡೆಯನ್ನು ನಡೆಸಿದವನು ಮೀರ್ ಆಲಂ. ಮುಂದೆ ದಿವಾನನೂ ಆದ. ಸಾಲಾರ್ ಜಂಗ್ ಈ ಮೀರ್ ಆಲಂನ ಮರಿಮಗ. ಅಂದರೆ ಬ್ರಿಟಿಷರ ಜೊತೆ ನಿಂತರೆ ಉಳಿಯುತ್ತೇವೆ ಅನ್ನೋ ಲೆಕ್ಕಾಚಾರ ಆತನಿಗೆ ಮನೆತನದಿಂದಲೇ ಬಂದದ್ದು.

24ನೇ ವಯಸ್ಸಿಗೆ ದಿವಾನಗಿರಿ

ಆತ ಹುಟ್ಟಿದ್ದು 1829ರಲ್ಲಿ, ನಮ್ಮದೇ ಬಿಜಾಪುರದಲ್ಲಿ. ತಂದೆ ಬೇಗ ತೀರಿಕೊಂಡ. ಬೆಳೆಸಿದ್ದು ತಂದೆಯ ಸೋದರ ಸಿರಾಜ್-ಉಲ್-ಮುಲ್ಕ್. ಮನೆತನದ ಮೇಲೆ ಸಾಲ ಇತ್ತು, ಹಾಗಾಗಿ ಲೆಕ್ಕಪತ್ರ ನೋಡುವುದನ್ನು ಹುಡುಗ ಬೇಗ ಕಲಿತ. ಸಣ್ಣ ವಯಸ್ಸಿಗೇ ಖಮ್ಮಂ ಕಡೆ ತಾಲ್ಲೂಕುದಾರನಾಗಿ ಸ್ವಲ್ಪ ಕಾಲ ಕೆಲಸ ಮಾಡಿದ. ಪರ್ಷಿಯನ್ ಬಲ್ಲವನು, ಇಂಗ್ಲಿಷನ್ನೂ ರೂಢಿಸಿಕೊಂಡವನು.

ರಾಜ್ಯದ ಲೆಕ್ಕ ಮನೆಯ ಲೆಕ್ಕಕ್ಕಿಂತ ಕೆಟ್ಟಿತ್ತು. ಹೈದರಾಬಾದ್ ಕಂಟಿಂಜೆಂಟ್ ಅಂತ ಒಂದು ಪಡೆ ಇತ್ತು. ಹೆಸರು ನಿಜಾಮನದು, ಅಧಿಕಾರಿಗಳು ಬ್ರಿಟಿಷರು, ಸಂಬಳ ನಿಜಾಮನ ಬೊಕ್ಕಸದಿಂದ. ಅದರ ಒಂದು ದಂಡು ನಮ್ಮ ಪಕ್ಕದ ಲಿಂಗಸುಗೂರಿನಲ್ಲೇ ಬೀಡುಬಿಟ್ಟಿತ್ತು. ಸಂಬಳ ಬಾಕಿ ಬೆಳೆದು ಬೆಳೆದು ಸಾಲವಾಯಿತು. ಸಾಲ ತೀರಿಸೋಕೆ ಆಗದಿದ್ದರೆ ನೆಲ ಕೊಡಿ ಅಂತ ಗವರ್ನರ್ ಜನರಲ್ ಡಾಲ್‌ಹೌಸಿ ಪಟ್ಟು ಹಿಡಿದ. 1853ರ ಮೇ 21ರಂದು ಒಪ್ಪಂದವಾಯಿತು. ಹತ್ತಿ ಬೆಳೆಯುವ ಬೇರಾರ್, ಧಾರಾಶಿವ-ನಳದುರ್ಗ ಸೀಮೆ, ಜೊತೆಗೆ ಕೃಷ್ಣಾ-ತುಂಗಭದ್ರೆಗಳ ನಡುವಿನ ರಾಯಚೂರು ದೋಆಬ್ ಬ್ರಿಟಿಷರ ಸುಪರ್ದಿಗೆ ಹೋದವು. ಈ ದೋಆಬ್ ಅಂದರೆ ಬೇರೆ ಯಾವುದೋ ದೇಶವಲ್ಲ, ಕುಷ್ಟಗಿ, ಗಂಗಾವತಿಯ ನಮ್ಮ ಸೀಮೆ.

ಸಹಿ ಬಿದ್ದ ಕೆಲವೇ ದಿನಕ್ಕೆ ದಿವಾನ ಸಿರಾಜ್-ಉಲ್-ಮುಲ್ಕ್ ತೀರಿಕೊಂಡ. ಆ ತಿಂಗಳ ಕೊನೆಗೆ 24ರ ತುರಾಬ್ ಅಲಿ ದಿವಾನನಾದ. ಕೈಗೆ ಬಂದದ್ದು ಖಾಲಿ ಬೊಕ್ಕಸ, ಒತ್ತೆಗೆ ಹೋದ ಮೂರು ಸೀಮೆ. ಹೋದ ನೆಲವನ್ನು ವಾಪಸ್ ತರಬೇಕು ಅನ್ನೋದೇ ಆತನ ಜೀವನದ ಗುರಿಯಾಯಿತು.

1857: ಆತ ಆರಿಸಿಕೊಂಡ ಪಕ್ಷ

ನಾಲ್ಕೇ ವರ್ಷಕ್ಕೆ ಉತ್ತರ ಭಾರತದಲ್ಲಿ ದಂಗೆ ಎದ್ದಿತು. ಅದೇ ಮೇ ತಿಂಗಳಲ್ಲಿ ಹಳೆಯ ನಿಜಾಮ ತೀರಿಕೊಂಡು ಅಫ್ಜಲ್-ಉದ್-ದೌಲಾ ಪಟ್ಟಕ್ಕೆ ಬಂದ. ಹೈದರಾಬಾದ್ ಎದ್ದರೆ ದಕ್ಷಿಣವೆಲ್ಲ ಏಳುತ್ತೆ ಅನ್ನೋ ಭಯ ಬ್ರಿಟಿಷರಿಗೆ. ಜುಲೈ 17ರಂದು ತುರ್ರೆಬಾಜ್ ಖಾನ್ ಮತ್ತು ಮೌಲ್ವಿ ಅಲ್ಲಾಉದ್ದೀನ್ ಜನರನ್ನು ಕಟ್ಟಿಕೊಂಡು ಬ್ರಿಟಿಷ್ ರೆಸಿಡೆನ್ಸಿಯ ಮೇಲೆ ನುಗ್ಗಿದರು. ದಿವಾನ ಮುಂಚೆಯೇ ರೆಸಿಡೆಂಟನಿಗೆ ಸುದ್ದಿ ಮುಟ್ಟಿಸಿದ್ದ. ದಾಳಿ ವಿಫಲವಾಯಿತು.

ನಮ್ಮ ಕಡೆ ಕಥೆ ಇನ್ನೂ ಹತ್ತಿರದ್ದು. 1858ರ ಫೆಬ್ರವರಿಯಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ತಿರುಗಿಬಿದ್ದ. ಸೋತ ಮೇಲೆ ಹೈದರಾಬಾದಿಗೆ ತಪ್ಪಿಸಿಕೊಂಡು ಹೋದ. ಅಲ್ಲಿ ಸಿಕ್ಕಿಬಿದ್ದ ಅವನನ್ನು ಸಾಲಾರ್ ಜಂಗ್ ರೆಸಿಡೆಂಟನ ಕೈಗೆ ಒಪ್ಪಿಸಿದ. ಅದೇ ವರ್ಷ ಮೇ ತಿಂಗಳಲ್ಲಿ ಮುಂಡರಗಿ ಭೀಮರಾಯ ಮತ್ತು ಹಮ್ಮಿಗೆ ಕೆಂಚನಗೌಡ ಡಂಬಳದ ಖಜಾನೆಗೆ ಕೈಹಾಕಿ, ಗಡಿ ದಾಟಿ ಬಂದು ಕೊಪ್ಪಳದ ಕೋಟೆ ಸೇರಿಕೊಂಡರು. ಜೂನ್ 1ರಂದು ಮೇಜರ್ ಹ್ಯೂಸ್‌ನ ಪಡೆ ಕೋಟೆಗೆ ನುಗ್ಗಿತು. ಇಬ್ಬರೂ ಅಲ್ಲೇ ಹತರಾದರು. ಸೆರೆಸಿಕ್ಕ ಹಲವರನ್ನು ಗದಗಿನಲ್ಲಿ ಕೊಂದರು.

ಸಾಲಾರ್ ಜಂಗ್ ದ್ರೋಹಿಯೇ, ಮುತ್ಸದ್ದಿಯೇ? ಕಾಮೆಂಟ್ ಬಾಕ್ಸ್‌ನಲ್ಲಿ ಈ ಜಗಳ ಸಲೀಸು. ಆತನ ಲೆಕ್ಕ ತಣ್ಣಗಿತ್ತು. ದಂಗೆ ಗೆಲ್ಲಲ್ಲ, ಸೋತ ಪಕ್ಷದಲ್ಲಿದ್ದರೆ ಅವಧ್‌ನಂತೆ ರಾಜ್ಯವೇ ಮಾಯವಾಗುತ್ತೆ, ಗೆಲ್ಲುವವರ ಜೊತೆ ನಿಂತರೆ ಬೇರಾರ್ ವಾಪಸ್ ಕೇಳಬಹುದು. ಅದಕ್ಕೆ ಆತ ವೈಯಕ್ತಿಕವಾಗಿಯೂ ಬೆಲೆ ತೆತ್ತ. ಸ್ವಂತ ನಗರದಲ್ಲೇ ಜನ ಶಪಿಸಿದರು. 1859ರಲ್ಲಿ ರೆಸಿಡೆಂಟನ ಜೊತೆಗಿದ್ದಾಗಲೇ ಆತನ ಮೇಲೆ ಕೊಲೆ ಯತ್ನ ನಡೆಯಿತು. 1868ರಲ್ಲಿ ಇನ್ನೊಮ್ಮೆ. ಎರಡೂ ಸಲ ಬದುಕುಳಿದ.

ಚಿಲ್ಲರೆಯಾಗಿ ವಾಪಸ್ ಬಂದ ನೆಲ

ನಿಷ್ಠೆಯ ಬಿಲ್ಲು 1860ರಲ್ಲಿ ಚುಕ್ತಾ ಆಯಿತು. ಹೊಸ ಒಪ್ಪಂದದಲ್ಲಿ ನಿಜಾಮನ 50 ಲಕ್ಷ ರೂಪಾಯಿ ಸಾಲ ಮನ್ನಾ ಆಯಿತು. ರಾಯಚೂರು ದೋಆಬ್ ಮತ್ತು ಧಾರಾಶಿವ ಸೀಮೆ ವಾಪಸ್ ಬಂದವು. ಸುರಪುರವೂ ನಿಜಾಮನಿಗೆ ಸಿಕ್ಕಿತು. ಯಾವ ರಾಜನನ್ನು ಹಿಡಿದು ಒಪ್ಪಿಸಿದ್ದರೋ ಅವನ ರಾಜ್ಯವೇ ಬಹುಮಾನವಾಗಿ ಬಂತು. ಬೇರಾರ್ ಮಾತ್ರ ಬರಲಿಲ್ಲ.

ಯಾಕೆ? ಕಂಟಿಂಜೆಂಟ್ ಪಡೆಯ ಖರ್ಚಿಗೆ ಬೇರಾರ್ ಒಂದರ ಆದಾಯ ಸಾಕಾಗುತ್ತಿತ್ತು. ಹಾಗಾಗಿ ಉಳಿದದ್ದನ್ನು ಹಿಂದಿರುಗಿಸಿದರು. ಅಂಗಡಿಯವನು ದೊಡ್ಡ ನೋಟು ಇಟ್ಟುಕೊಂಡು ಚಿಲ್ಲರೆ ಕೊಡ್ತಾನಲ್ಲ, ಹಾಗೆ. ಇನ್ನೊಂದು ಷರತ್ತೂ ಇತ್ತು: ಬೇರಾರಿನ ಖರ್ಚಿನ ಲೆಕ್ಕವನ್ನು ನಿಜಾಮನ ಸರ್ಕಾರ ಇನ್ನು ಕೇಳುವಂತಿಲ್ಲ. ಏನಾದರೂ ಉಳಿದರೆ ಬ್ರಿಟಿಷರು ಕೊಡುತ್ತಾರೆ, ಅಷ್ಟೇ.

ಮುಂದಿನ ವರ್ಷವೇ ಅಮೆರಿಕದಲ್ಲಿ ಅಂತರ್ಯುದ್ಧ. ಅಲ್ಲಿಯತನಕ ಬ್ರಿಟನ್ನಿನ ಗಿರಣಿಗಳಿಗೆ ಮುಕ್ಕಾಲು ಪಾಲು ಹತ್ತಿ ಬರ್ತಿದ್ದದ್ದು ಅಮೆರಿಕದ ದಕ್ಷಿಣ ರಾಜ್ಯಗಳಿಂದ, ಗುಲಾಮರ ದುಡಿಮೆಯಿಂದ. ಅದು ನಿಂತು ಹೋಯಿತು. ಮ್ಯಾಂಚೆಸ್ಟರ್ ಕಣ್ಣು ದಖ್ಖನ್ನಿನ ಕಪ್ಪು ಮಣ್ಣಿನ ಮೇಲೆ ಬಿತ್ತು. ಬೇರಾರಿನ ಹತ್ತಿಯ ಬೆಲೆ ಏರಿತು, ರೈಲು ಬಂತು. 1870ರಲ್ಲಿ ಖಾಮಗಾಂವ್‌ನ ಹತ್ತಿ ಮಾರುಕಟ್ಟೆಯ ರೈಲು ಮಾರ್ಗದ ಉದ್ಘಾಟನೆಗೆ ವೈಸರಾಯ್ ಮೇಯೋ ಖುದ್ದಾಗಿ ಬಂದ. ಇಂಥ ನೆಲವನ್ನು ಯಾವ ಸಾಮ್ರಾಜ್ಯ ಬಿಟ್ಟುಕೊಡುತ್ತೆ ಹೇಳಿ?

ಇಲ್ಲೇ ನನಗೆ ಇಡೀ ಕಥೆಯ ಕೀಲಿ ಕಾಣೋದು. ನಮ್ಮ ಸೀಮೆ ವಾಪಸ್ ಬಂದದ್ದು ನಮ್ಮ ಮೇಲಿನ ಪ್ರೀತಿಯಿಂದಲ್ಲ, ಆ ಹೊತ್ತಿಗೆ ನಾವು ಅಷ್ಟು ಬೆಲೆಬಾಳುತ್ತಿರಲಿಲ್ಲ. ಬೇರಾರ್ ಹೋದದ್ದು ಅಲ್ಲಿನ ಜನ ಕೆಟ್ಟವರು ಅಂತಲ್ಲ, ಅದು ತುಂಬಾ ಬೆಲೆಬಾಳುತ್ತಿತ್ತು. ಬೆಲೆ ಕಟ್ಟುವವರು ಎರಡೂ ಸಲ ದೂರದಲ್ಲಿದ್ದರು.

ಒಂದೇ ಸೀಮೆ, ಎರಡು ಆಡಳಿತ

ಸಾಲಾರ್ ಜಂಗ್ ಕೈಕಟ್ಟಿ ಕೂತವನಲ್ಲ. ಆತ ಬರುವ ಮುಂಚೆ ಕಂದಾಯ ವಸೂಲಿ ಗುತ್ತಿಗೆದಾರರ ಕೈಲಿತ್ತು. ಹೆಚ್ಚು ಹರಾಜು ಕೂಗಿದವನು ರೈತನಿಂದ ಅದಕ್ಕೂ ಹೆಚ್ಚು ಹಿಂಡುತ್ತಿದ್ದ. ಆತ ಗುತ್ತಿಗೆ ಪದ್ಧತಿಯನ್ನು ಹಂತಹಂತವಾಗಿ ಕಿತ್ತುಹಾಕಿ, ಸಂಬಳದ ಅಧಿಕಾರಿಗಳನ್ನು ನೇಮಿಸಿದ. 1865ರಲ್ಲಿ ಜಿಲಾಬಂದಿ, ಅಂದರೆ ರಾಜ್ಯವನ್ನು ಜಿಲ್ಲೆಗಳಾಗಿ ವಿಂಗಡಿಸುವ ವ್ಯವಸ್ಥೆ ತಂದ. ನ್ಯಾಯಾಲಯ, ಪೊಲೀಸ್, ಅಂಚೆ, ಟಂಕಸಾಲೆ, ದಾರುಲ್ ಉಲೂಮ್ ಶಾಲೆ, ಒಂದೊಂದಾಗಿ ಬಂದವು. ಬೊಕ್ಕಸ ಸುಧಾರಿಸಿತು. 1869ರಲ್ಲಿ ನಿಜಾಮ ತೀರಿಕೊಂಡು ಎರಡೂವರೆ ವರ್ಷದ ಮಗು ಮೆಹಬೂಬ್ ಅಲಿ ಪಟ್ಟಕ್ಕೆ ಬಂದಾಗ, ರಾಜ್ಯದ ಉಸ್ತುವಾರಿ ಸಾಲಾರ್ ಜಂಗ್ ಮತ್ತು ಇನ್ನೊಬ್ಬ ರೀಜೆಂಟ್‌ನ ಪಾಲಿಗೆ ಬಂತು.

ಆದರೆ ಈ ಸುಧಾರಣೆಗೆ ಒಂದು ಬೇಲಿ ಇತ್ತು. ಹೊಸ ವ್ಯವಸ್ಥೆ ಅನ್ವಯವಾದದ್ದು ದಿವಾನಿ ಇಲಾಖೆಗೆ, ಅಂದರೆ ಸರ್ಕಾರದ ನೇರ ಆಡಳಿತದ ನೆಲಕ್ಕೆ. ಕುಷ್ಟಗಿ, ಗಂಗಾವತಿ ಅದರೊಳಗೆ, ಲಿಂಗಸುಗೂರು ಜಿಲ್ಲೆಯ ಭಾಗವಾಗಿ ಬಂದವು. ಜಹಗೀರುಗಳು ಹೊರಗೆ ಉಳಿದವು. ಅಲ್ಲಿ ಜಹಗೀರುದಾರನದೇ ವಸೂಲಿ, ಅವನದೇ ನೌಕರರು. ಕೊಪ್ಪಳ, ಯಲಬುರ್ಗಾ ಇದ್ದದ್ದು ಅಲ್ಲಿ. ರಾಜ್ಯದ ಅತಿ ದೊಡ್ಡ ಸುಧಾರಕ ತನ್ನ ವರ್ಗದ ಜಹಗೀರುಗಳನ್ನು ಮುಟ್ಟಲಿಲ್ಲ. ಮುಟ್ಟಿದ್ದರೆ ಅಮೀರರೆಲ್ಲ ಸೇರಿ ಆತನನ್ನೇ ಕೆಳಗಿಳಿಸುತ್ತಿದ್ದರು ಅನ್ನೋದೂ ನಿಜ.

ಇನ್ನೊಂದು ಆಯ್ಕೆಯ ನೆರಳು ಇವತ್ತಿಗೂ ಇದೆ. ಹೊಸ ಕಚೇರಿಗಳಿಗೆ ಓದಿದ ಜನ ಬೇಕಿತ್ತು. ಆತ ಉತ್ತರ ಭಾರತದಿಂದ ಕರೆಸಿಕೊಂಡ. ಸೈಯದ್ ಹುಸೇನ್ ಬಿಲ್‌ಗ್ರಾಮಿ, ಮುಂದೆ ಮೊಹ್ಸಿನ್-ಉಲ್-ಮುಲ್ಕ್ ಅಂತ ಹೆಸರಾದ ಮೆಹದಿ ಅಲಿ, ಹೀಗೆ ಅನೇಕರು. ಸಮರ್ಥರೇ, ಅನುಮಾನವಿಲ್ಲ. ಆದರೆ ಕಚೇರಿಯ ಭಾಷೆ ಪರ್ಷಿಯನ್. ಆತ ಸತ್ತ ಮೇಲೆ 1880ರ ದಶಕದಲ್ಲಿ ಅದು ಉರ್ದುವಾಯಿತು. ಕನ್ನಡಕ್ಕೆ ಎರಡೂ ಕಡೆ ಕುರ್ಚಿ ಇಲ್ಲ. ಕುಷ್ಟಗಿಯ ರೈತನ ಮಗ ಈ ಹೊಸ ಯಂತ್ರದೊಳಗೆ ಹೋಗೋಕೆ ಬಾಗಿಲೇ ಇರಲಿಲ್ಲ. ಸ್ಥಳೀಯರಿಗೆ ಕೆಲಸ ಕೊಡಿ ಅನ್ನೋ ಮುಲ್ಕಿ ಕೂಗು ಹೈದರಾಬಾದಿನಲ್ಲಿ ಹುಟ್ಟಿದ್ದು ಈ ನೇಮಕಾತಿಗಳ ಬೆನ್ನಿಗೇ. ನೂರು ವರ್ಷ ಬೇರೆ ಬೇರೆ ವೇಷದಲ್ಲಿ ಓಡಾಡಿದ ಆ ಕೂಗೇ, ನಮ್ಮ ಭಾಗದಲ್ಲಿ 2012ರ ಸಂವಿಧಾನ ತಿದ್ದುಪಡಿಯಲ್ಲಿ 371(ಜೆ) ಆಗಿ ಬಂದು ನಿಂತಿದೆ ಅಂತ ನಾನು ಓದಿಕೊಳ್ಳುತ್ತೇನೆ.

ಲಂಡನ್ನಿನ ಸನ್ಮಾನ, ಡೋಗಿ ಬರ

ಬೇರಾರ್ ವಾಪಸ್ ಕೊಡಿ ಅಂತ ಆತ ಕೇಳುತ್ತಲೇ ಇದ್ದ. ಪಡೆಯ ಖರ್ಚಿಗೆ ಬಡ್ಡಿ ಬರುವಷ್ಟು ದೊಡ್ಡ ಇಡಗಂಟನ್ನು ಕೊಡ್ತೀವಿ, ನೆಲ ಬಿಟ್ಟುಕೊಡಿ ಅಂತಲೂ ಪ್ರಸ್ತಾಪ ಇಟ್ಟ. ಎಂಜಿನಿಯರಿಂಗ್ ಭಾಷೆಯಲ್ಲಿ ಹೇಳೋದಾದರೆ ಸಮೀಕರಣದ ಎರಡೂ ಬದಿ ಸರಿ ಹೊಂದಿಸಿದ್ದ. ಉತ್ತರ ಮಾತ್ರ ಇಲ್ಲ ಅಂತಲೇ ಬಂತು. ಯಾಕಂದರೆ ಪ್ರಶ್ನೆ ಹಣದ್ದಾಗಿರಲಿಲ್ಲ.

1876ರಲ್ಲಿ ಖುದ್ದು ಇಂಗ್ಲೆಂಡಿಗೆ ಹೊರಟ. ದಾರಿಯಲ್ಲಿ ಪ್ಯಾರಿಸ್ಸಿನಲ್ಲಿ ಜಾರಿ ಬಿದ್ದು ತೊಡೆಗೆ ಪೆಟ್ಟಾಯಿತು. ಹಾಗೇ ಹೋದ. ಆಕ್ಸ್‌ಫರ್ಡ್ ಗೌರವ ಡಾಕ್ಟರೇಟ್ ಕೊಟ್ಟಿತು. ಲಂಡನ್ ನಗರ ತನ್ನ ಗೌರವ ಪೌರತ್ವ ಕೊಟ್ಟಿತು. ಔತಣಗಳು ನಡೆದವು. ಬೇರಾರ್ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ. ಆ ಕಾಲ ನೋಡಿ: ಸೂಯೆಜ್ ಕಾಲುವೆಯ ಷೇರುಗಳನ್ನು ಬ್ರಿಟನ್ ಆಗಷ್ಟೇ ಕೊಂಡಿತ್ತು, ಬಾಲ್ಕನ್ ಹೊತ್ತಿ ಉರಿಯುತ್ತಿತ್ತು, ರಷ್ಯಾ ಮಧ್ಯ ಏಷ್ಯಾದಲ್ಲಿ ಮುಂದೆ ಮುಂದೆ ಬರುತ್ತಿತ್ತು. ಭಾರತದೊಳಗೆ ಒಬ್ಬ ಬಲವಾದ ದೇಶೀ ದಿವಾನ ಒಪ್ಪಂದದ ಪತ್ರ ಹಿಡಿದು ಹಕ್ಕು ಕೇಳೋದು ವೈಸರಾಯ್ ಲಿಟ್ಟನ್‌ಗೆ ಅಪಾಯವಾಗಿ ಕಂಡಿತು. 1877ರಲ್ಲಿ ಆತನ ಹಳೆಯ ಎದುರಾಳಿ ರಶೀದ್-ಉದ್-ದೀನ್ ಖಾನನನ್ನೇ ಜೊತೆ ರೀಜೆಂಟ್ ಮಾಡಿ ತಲೆಯ ಮೇಲೆ ಕೂರಿಸಿದರು. 1857ರಲ್ಲಿ ಸಾಮ್ರಾಜ್ಯ ಉಳಿಸಿದವನಿಗೆ 20 ವರ್ಷದ ನಂತರ ಸಿಕ್ಕ ಉಡುಗೊರೆ ಇದು.

ಅತ್ತ ಈ ರಾಜತಂತ್ರ ನಡೆಯುವಾಗ ಇತ್ತ ಮಳೆ ಕೈಕೊಟ್ಟಿತ್ತು. 1876ರಿಂದ 78ರತನಕದ ಬರವನ್ನು ನಮ್ಮ ಹಳ್ಳಿಗಳಲ್ಲಿ ಡೋಗಿ ಬರ ಅಂತ ಕರೀತಾರೆ. ಬಳ್ಳಾರಿ, ರಾಯಚೂರು, ಲಿಂಗಸುಗೂರು ಸೀಮೆಗಳು ಅದಕ್ಕೆ ಸಿಕ್ಕಿ ನಲುಗಿದವು. ಹೊಳೆಯ ಈ ದಂಡೆ ನಿಜಾಮನದು, ಆ ದಂಡೆ ಬ್ರಿಟಿಷರದು. ಹಸಿವಿಗೆ ಆ ಗಡಿ ಗೊತ್ತಿರಲಿಲ್ಲ. ಬೇರಾರಿಗಾಗಿ ಬರೆದ ಮನವಿಗಳು ಕಡತಗಟ್ಟಲೆ ಇವೆ. ತುಂಗಭದ್ರೆಗೆ ಅಣೆಕಟ್ಟು ಬರೋಕೆ ಮಾತ್ರ ಇನ್ನೂ ಮುಕ್ಕಾಲು ಶತಮಾನ ಬೇಕಾಯಿತು.

1883ರ ಫೆಬ್ರವರಿ 8ರಂದು ಸಾಲಾರ್ ಜಂಗ್ ಕಾಲರಾದಿಂದ ದಿಢೀರ್ ತೀರಿಕೊಂಡ. ವಯಸ್ಸು 54. ವಿಷ ಹಾಕಿದರು ಅನ್ನೋ ಗುಸುಗುಸು ಬಹಳ ದಿನ ಉಳಿಯಿತು. ಕೊನೆಯ ದಿನಗಳಲ್ಲಿ ಲಂಡನ್ ಬಂಡವಾಳದಿಂದ ರೈಲು ಕಟ್ಟುವ, ಕಲ್ಲಿದ್ದಲು ತೆಗೆಯುವ ಯೋಜನೆಗಳ ಮಾತುಕತೆ ನಡೆದಿತ್ತು. ಆತ ಸತ್ತ ಮೇಲೆ ಗಣಿ ಕಂಪನಿಯ ಷೇರು ವ್ಯವಹಾರ ಹಗರಣವಾಗಿ, 1888ರಲ್ಲಿ ಬ್ರಿಟಿಷ್ ಸಂಸತ್ತಿನ ಸಮಿತಿಯೇ ವಿಚಾರಣೆ ನಡೆಸಬೇಕಾಯಿತು. 1902ರಲ್ಲಿ ಕರ್ಜನ್ ಬೇರಾರನ್ನು ವರ್ಷಕ್ಕೆ 25 ಲಕ್ಷ ರೂಪಾಯಿಗೆ ಶಾಶ್ವತ ಗುತ್ತಿಗೆ ಬರೆಸಿಕೊಂಡ. ಕಥೆ ಮುಗಿಯಿತು.

ಬೇಲಿಯ ಆಚೆ

ಪೂರ್ತಿ ಮುಗಿಯಲಿಲ್ಲ. 1936ರಲ್ಲಿ ನಿಜಾಮನ ಹಿರಿಯ ಮಗನಿಗೆ ಬ್ರಿಟಿಷರು ಬೇರಾರಿನ ರಾಜಕುಮಾರ ಅನ್ನೋ ಬಿರುದು ಕೊಟ್ಟರು. ನೆಲ ಅವರ ಕೈಲಿ, ಹೆಸರು ಇವರಿಗೆ. 1945ರ ಫೆಬ್ರವರಿ 28ರಂದು ತುಂಗಭದ್ರಾ ಅಣೆಕಟ್ಟೆಗೆ ನಮ್ಮ ದಂಡೆಯಲ್ಲಿ ಅಡಿಗಲ್ಲು ಹಾಕಿದವನು ಇದೇ ಬೇರಾರಿನ ರಾಜಕುಮಾರ. 1948ರಲ್ಲಿ ಹೈದರಾಬಾದ್ ಭಾರತಕ್ಕೆ ಸೇರಿತು. ಅದಕ್ಕೆ ಮುಂಚೆ ಅಳವಂಡಿ ಶಿವಮೂರ್ತಿ ಸ್ವಾಮಿಗಳು ವಿಮೋಚನೆಯ ಶಿಬಿರ ನಡೆಸಿದ್ದು ಗಡಿಯಾಚೆ, ಭೀಮರಾಯನ ಮುಂಡರಗಿಯಲ್ಲಿ. 1949ರಲ್ಲಿ ಮೂರನೇ ಸಾಲಾರ್ ಜಂಗ್ ತೀರಿಕೊಂಡ, ಅದೇ ವರ್ಷ ಜಹಗೀರುಗಳೂ ರದ್ದಾದವು. ಕಾಲುವೆಯ ನೀರು ಗಂಗಾವತಿಯನ್ನು ಭತ್ತದ ಕಣಜ ಮಾಡಿತು. ಎತ್ತರದ ಯಲಬುರ್ಗಾ, ಕುಷ್ಟಗಿ ಮಾತ್ರ ಮುಗಿಲನ್ನೇ ನೋಡುತ್ತಾ ಉಳಿದವು.

ಈಗ ನಮ್ಮ ಬೆಲೆ ಏರಿದೆ. ಈ ಶತಮಾನದ ಮೊದಲ ದಶಕದಲ್ಲಿ ಬಳ್ಳಾರಿ-ಹೊಸಪೇಟೆಯ ಅದಿರಿಗೆ ಚೀನಾ ದರ ಕಟ್ಟಿತು. ನಮ್ಮ ಗಿಣಿಗೇರಾ ಸುತ್ತ ಕಬ್ಬಿಣದ ಕಾರ್ಖಾನೆಗಳು ಎದ್ದಿವೆ. 2021ರಲ್ಲಿ ಭಾನಾಪುರದ ಆಟಿಕೆ ಕ್ಲಸ್ಟರ್‌ಗೆ ಶಂಕುಸ್ಥಾಪನೆ ಆದಾಗ ಚೀನಾದ ಆಟಿಕೆಗೆ ಸಡ್ಡು ಹೊಡೆಯುವ ಮಾತು ಕೇಳಿಬಂತು. 2025ರ ಫೆಬ್ರವರಿಯಲ್ಲಿ ಉಕ್ಕಿನ ಕಾರ್ಖಾನೆಯ ವಿಸ್ತರಣೆ ಬೇಡ ಅಂತ ಇಡೀ ಕೊಪ್ಪಳ ಪಟ್ಟಣ ಬಂದ್ ಆಯಿತು. ಹತ್ತಿ ಹೋಗಿ ಉಕ್ಕು ಬಂದಿದೆ, ಮ್ಯಾಂಚೆಸ್ಟರ್ ಹೋಗಿ ಬೀಜಿಂಗ್ ಬಂದಿದೆ. ಬೆಲೆ ಕಟ್ಟುವವರು ಈಗಲೂ ದೂರದಲ್ಲೇ ಇದ್ದಾರೆ.

ಕಾರ್ಖಾನೆ ಬೇಡ ಅಂತ ನಾನು ಹೇಳ್ತಿಲ್ಲ. ಕೆಲಸಕ್ಕಾಗಿ ಬೆಂಗಳೂರಿಗೋ ಪುಣೆಗೋ ರೈಲು ಹತ್ತುವ ಹುಡುಗರನ್ನು ದಿನಾ ನೋಡುವ ಯಾರೂ ಹಾಗೆ ಹೇಳಲಾರರು. ಸಾಲಾರ್ ಜಂಗ್‌ನಷ್ಟು ಬುದ್ಧಿವಂತ ಸಂಧಾನಕಾರ ಸಿಗೋದೂ ಅಪರೂಪ. ಆದರೂ ಆತ ಸೋತ. ಸಂಧಾನ ಪೂರ್ತಿ ಮೇಲಿನವರ ನಡುವೆ, ಸೌಜನ್ಯದ ಪತ್ರಗಳಲ್ಲಿ ನಡೆಯಿತು. ಯಾವ ನೆಲದ ಮಾತಾಡುತ್ತಿದ್ದರೋ ಆ ನೆಲದ ಜನ ಆತನ ಬೆನ್ನಿಗೆ ಇರಲಿಲ್ಲ. ಅವರನ್ನು ಆತ ಎಂದೂ ಕರೆದಿರಲೂ ಇಲ್ಲ.

371(ಜೆ) ನಮಗೆ ಕೊಟ್ಟಿರುವುದು ಸರ್ಕಾರಿ ಹುದ್ದೆ ಮತ್ತು ಕಾಲೇಜು ಸೀಟಿನಲ್ಲಿ ಪಾಲು. ಖಾಸಗಿ ಕಾರ್ಖಾನೆಯ ಗೇಟಿನ ಒಳಗೆ ಅದು ನಡೆಯಲ್ಲ. ಅಂದು ದಿವಾನಿ ಕಾನೂನು ಕುಷ್ಟಗಿಯವರೆಗೆ ಬಂದು, ಯಲಬುರ್ಗಾದ ಜಹಗೀರಿನ ಬೇಲಿಯ ಹತ್ತಿರ ನಿಂತ ಹಾಗೆ. ಹಾಗಾಗಿ ನಮ್ಮ ತಲೆಮಾರಿನ ಹೋರಾಟ ಮೀಸಲಾತಿಯ ಪಟ್ಟಿಯಲ್ಲೇ ಮುಗಿಯಬಾರದು. ಯಾರ ನೀರು, ಯಾರ ಗಾಳಿ, ಯಾರಿಗೆ ಕೆಲಸ ಅನ್ನೋ ಲೆಕ್ಕವನ್ನು ಆ ಗೇಟಿನ ಮುಂದೆ ನಿಂತು ಕೇಳೋಣ. 1860ರಲ್ಲಿ ಬೇರಾರಿನ ಜೊತೆ ಹೋದದ್ದು ಈ ಲೆಕ್ಕ ಕೇಳುವ ಹಕ್ಕೇ ಅಲ್ವಾ?